ಆರನ್ ಜಡ್ಜ್: ಸ್ಟ್ರೈಕ್‌ಔಟ್ ಕಾಟ ತಪ್ಪಿದ್ದು ನಿಜವೇ?

ಪ್ರಶ್ನೆ: ನ್ಯೂಯಾರ್ಕ್‌ನ ಬೇಸ್‌ಬಾಲ್ ತಂಡ ಯಾಂಕೀಸ್‌ನ ಜಡ್ಜ್ 2016ರಲ್ಲಿ 84 ಅಟ್-ಬ್ಯಾಟ್‌ಗಳಲ್ಲಿ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿ) 42 ಸಲ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್, ಅಂದರೆ ಬೀಸಿ ತಪ್ಪಿದ ಅಥವಾ ಬಿಟ್ಟುಬಿಟ್ಟ ಸರಿಯಾದ ಎಸೆತ, ಆಗಿ ಔಟ್). ಮರುವರ್ಷವೇ 52 ಹೋಮ್ ರನ್ (ಬೇಲಿಯಾಚೆ ಹೊಡೆತ)! ಏನು ಬದಲಾಯಿತು?

ಉತ್ತರ 1: ಸ್ಟ್ರೈಕ್‌ಔಟ್ ಎಲ್ಲಿ ತಪ್ಪಿತು? 2017ರಲ್ಲೂ 208. ಆದರೆ ಕೆಟ್ಟ ಎಸೆತ ಬಿಡೋದು ಜಾಸ್ತಿಯಾಯ್ತು, 127 ವಾಕ್ (ನಾಲ್ಕು ಕೆಟ್ಟ ಎಸೆತ ಬಂದರೆ ಪುಕ್ಕಟೆ ಸಿಗುವ ಮೊದಲ ಬೇಸ್) ಸಿಕ್ಕವು. ಚೆಂಡೆಸೆಯುವ ಪಿಚರ್‌ಗಳು ಪ್ಲೇಟ್ (ಬ್ಯಾಟರ್ ಪಕ್ಕದ ಗುರಿ ಹಲಗೆ) ಮೇಲೇ ಹಾಕಬೇಕಾಯಿತು, ಹಾಕಿದ್ದು ಗ್ಯಾಲರಿಗೆ ಹೋಯ್ತು. ಸ್ಟ್ರೈಕ್‌ಔಟ್ ಉಳಿದದ್ದಕ್ಕೆ ಇನ್ನೊಂದು ಕಾರಣ, ಆಳು 6 ಅಡಿ 7 ಇಂಚು. ಅಂಪೈರ್ ಕಣ್ಣಲ್ಲಿ ಸಾಧಾರಣ ಎತ್ತರದವರ ಅಳತೆ ಕೂತಿರುತ್ತೆ. ಇವನ ಮೊಣಕಾಲಿಗಿಂತ ಕೆಳಗೆ ಬಂದ ಚೆಂಡನ್ನೂ ಸ್ಟ್ರೈಕ್ ಅಂದುಬಿಡ್ತಾರೆ.

ಉತ್ತರ 2: 2023ರ ಗಾಯವನ್ನೂ ಲೆಕ್ಕಕ್ಕೆ ತಗೊಳ್ಳಿ. ಜೂನ್‌ನಲ್ಲಿ ಡಾಡ್ಜರ್ ಸ್ಟೇಡಿಯಂನಲ್ಲಿ ಕ್ಯಾಚ್ ಹಿಡಿಯುತ್ತಾ ರೈಟ್ ಫೀಲ್ಡ್ ಬೇಲಿಗೆ ನುಗ್ಗಿದ. ಬುಡದ ಕಾಂಕ್ರೀಟ್‌ಗೆ ಬಡಿದು ಬಲಗಾಲಿನ ಹೆಬ್ಬೆರಳಿನ ಲಿಗಮೆಂಟ್ ಹರಿಯಿತು. ಬಲಗೈ ಬ್ಯಾಟರ್‌ಗೆ ಅದು ಹಿಂದಿನ ಕಾಲು. ಬ್ಯಾಟ್ ಬೀಸುವಾಗ ನೆಲ ಒತ್ತಿ ಸೊಂಟ ತಿರುಗಿಸೋಕೆ ಆ ಬೆರಳೇ ಆಧಾರ. ಆಡಿದ್ದು 106 ಪಂದ್ಯ, ಆದರೂ 37 ಹೋಮ್ ರನ್.

ಉತ್ತರ 3: 2022ರಲ್ಲಿ ಜಡ್ಜ್ ಹೊಡೆದ 62 ಹೋಮ್ ರನ್ ಬಗ್ಗೆ ಒಂದು ಮಾತು. ಅದು ರೋಜರ್ ಮ್ಯಾರಿಸ್‌ನ 61ನ್ನು (1961) ಮುರಿದ ಅಮೆರಿಕನ್ ಲೀಗ್ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ದಾಖಲೆ. ಇಡೀ ಮೇಜರ್ ಲೀಗ್‌ನದ್ದು ಬ್ಯಾರಿ ಬಾಂಡ್ಸ್‌ನ 73, 2001ರಲ್ಲಿ. ಎರಡನ್ನೂ ಕಲಸಬೇಡಿ ಮಾರಾಯ್ರೇ.