ಟೀ ತೋಟದ ನಡುವಿನ ಕಾಡಿನಲ್ಲಿ ಹಕ್ಕಿ ಜಾಸ್ತಿನೋ ಕಮ್ಮಿನೋ?

ಪ್ರಶ್ನೆ (ಚಿಂಚೋಳಿಯ ಶಾಲೆ ಮಾಸ್ತರು): ಶರಣ್ರಿ ಸರ್. ರಜೆಗೆ ಮನೆಯವರೆಲ್ಲ ತಮಿಳುನಾಡಿನ ವಾಲ್ಪಾರೈಗೆ ಹೋಗಿದ್ದೆವು. ಗುಡ್ಡದ ತುಂಬ ಟೀ ತೋಟ, ನಡುನಡುವೆ ಮಳೆಕಾಡಿನ ತುಂಡುಗಳು. ಕಾಡು ತುಂಡಾಗಿ ಹಕ್ಕಿ ಕಡಿಮೆ ಆಗಿವೆ ಅಂತ ಗೈಡ್ ಹೇಳಿದ. ಆದರೆ ಬೆಳಿಗ್ಗೆ ಐದಕ್ಕೇ ನಿದ್ದೆ ಕೆಡಿಸುವಷ್ಟು ಕೂಗು ಇತ್ತು! ರೆಕ್ಕೆ ಇರುವ ಜೀವಕ್ಕೆ ಕಾಡು ತುಂಡಾದರೇನು, ಹಾರಿ ಪಕ್ಕದ ಕಾಡಿಗೆ ಹೋಗುತ್ತೆ ಅಲ್ವಾ?

ಉತ್ತರ (ಪಕ್ಷಿ ಅಧ್ಯಯನ ಮಾಡುವವರು, ಕಲಬುರಗಿ): ಶರಣ್ರಿ ಮಾಸ್ತರ. ಎಷ್ಟು ಕೂಗು ಅನ್ನೋದಲ್ಲ, ಯಾರ ಕೂಗು ಅನ್ನೋದು ಮುಖ್ಯ. ಕಾಡು ತುಂಡಾದರೆ ಪಿಕಳಾರ, ಗೊರವಂಕದಂಥವಕ್ಕೆ ಹಬ್ಬ, ಅವು ಅಂಚಿನಲ್ಲಿ, ತೋಟದಲ್ಲಿ, ಎಲ್ಲೆಂದರಲ್ಲಿ ಬದುಕುತ್ತವೆ. ಕಾಣೆಯಾಗೋದು ನೆರಳಿನಲ್ಲಿ, ನೆಲದ ಹತ್ತಿರ ಹುಳ ಹುಡುಕುವ ಹಕ್ಕಿಗಳು, ಅವು ಮೊದಲೇ ಜಾಸ್ತಿ ಕೂಗುವವಲ್ಲ. ಅದಕ್ಕೇ ಹೋದದ್ದು ಗೊತ್ತಾಗಲ್ಲ.

ಬ್ರೆಜಿಲ್‌ನ ಅಮೆಜಾನ್ ಮಳೆಕಾಡಿನಲ್ಲಿ, ಮನೌಸ್ ಊರಿನ ಹತ್ತಿರ ಥಾಮಸ್ ಲವ್‌ಜಾಯ್ ಅನ್ನುವ ವಿಜ್ಞಾನಿ 1979ರಲ್ಲಿ ಇದನ್ನೇ ನೋಡಲು ಶುರು ಮಾಡಿದರು. ದನದ ಹುಲ್ಲುಗಾವಲಿಗೆ ಕಾಡು ಕಡಿಯುತ್ತಿದ್ದ ಕಡೆ 1, 10, 100 ಹೆಕ್ಟೇರ್‌ನ ತುಂಡುಗಳನ್ನು ಕಡಿಯದೆ ಉಳಿಸಿದರು. ನಮ್ಮ ಲೆಕ್ಕದಲ್ಲಿ ಎರಡೂವರೆ, ಇಪ್ಪತ್ತೈದು, ಇನ್ನೂರೈವತ್ತು ಎಕರೆ. ಮಜಾ ಏನಂದ್ರೆ, ಸುತ್ತ ಕಡಿದ ಕೂಡಲೇ ತುಂಡಿನೊಳಗೆ ಹಕ್ಕಿ ಜಾಸ್ತಿಯಾದವು. ಮನೆ ಕಳೆದುಕೊಂಡವೆಲ್ಲ ಅಲ್ಲಿಗೇ ನುಗ್ಗಿದ್ದವು. ಆಮೇಲೆ ಇಳಿಯಿತು ನೋಡಿ, 100 ಹೆಕ್ಟೇರ್ ತುಂಡಿನಲ್ಲೂ ನೆಲದ ಹತ್ತಿರ ಬದುಕುವ ಹಕ್ಕಿ ಜಾತಿಗಳಲ್ಲಿ ಅರ್ಧದಷ್ಟು 15 ವರ್ಷದೊಳಗೆ ಹೋಗುತ್ತವೆ ಅಂತ ಲೆಕ್ಕ ಸಿಕ್ಕಿತು. ಅಲ್ಲಿ ದಂಡು ಕಟ್ಟಿ ಬೇಟೆಗೆ ಹೊರಡುವ ದಂಡಿರುವೆಗಳ ಸಾಲಿನ ಹಿಂದೆ ಹೋಗಿ, ಅವು ಎಬ್ಬಿಸುವ ಹುಳ ಹಿಡಿಯುವ ಹಕ್ಕಿಗಳಿವೆ. ಇಪ್ಪತ್ತೈದು ಎಕರೆ ಒಂದು ಇರುವೆ ದಂಡಿಗೇ ಸಾಲದು, ಇನ್ನು ಹಕ್ಕಿಗೆಲ್ಲಿಂದ! ಮೇಲಾಗಿ ಅಂಚಿನಿಂದ ಬಿಸಿಲು, ಗಾಳಿ ಒಳಗೆ ನುಗ್ಗಿ ದೊಡ್ಡ ಮರ ಉರುಳುತ್ತವೆ, ತರಗೆಲೆ ಒಣಗುತ್ತದೆ, ಹುಳ ಕಮ್ಮಿಯಾಗುತ್ತವೆ. ಹಾರಿ ಪಕ್ಕದ ಕಾಡಿಗೆ ಹೋಗೋಣ ಅಂದರೆ, ಇಂಥ ನೆರಳಿನ ಹಕ್ಕಿಗಳಲ್ಲಿ ಕೆಲವು ನಡುವಿನ ಬಯಲನ್ನೇ ದಾಟಲ್ಲ.

ಪ್ರಶ್ನೆ (ಸುರಪುರದವರು): ಸರ್, ನಮ್ಮ ಬೋನಾಳ ಕೆರೆಗೆ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರುತ್ತವೆ. ಈ ಕಾಡಿನ ಹಕ್ಕಿಗಳು ಒಂದು ಟೀ ತೋಟ ದಾಟಲ್ಲ ಅಂದ್ರೆ ಹೆಂಗ್ ನಂಬೋದ್ರೀ?

ಉತ್ತರ: ಒಳ್ಳೇ ಪ್ರಶ್ನೆ. ನನಗೂ ಮೊದಲು ನಂಬಿಕೆ ಇರಲಿಲ್ಲ. ಪನಾಮಾ ಕಾಲುವೆಗಾಗಿ ಕಟ್ಟಿದ ಗಾಟುನ್ ಕೆರೆಯಲ್ಲಿ ಕಾಡಿನ ಹಕ್ಕಿಗಳನ್ನು ದೋಣಿಯಲ್ಲಿ ಒಯ್ದು, ದಡದಿಂದ 100, 200, 300 ಮೀಟರ್ ದೂರದಲ್ಲಿ ಬಿಟ್ಟು ನೋಡಿದ್ದಾರೆ. ಕೆಲವು ಜಾತಿ ಆರಾಮಾಗಿ ದಾಟಿದವು. ಕೆಲವಕ್ಕೆ 100 ಮೀಟರೂ ಆಗಲಿಲ್ಲ, ನೀರಿಗೆ ಬಿದ್ದವನ್ನು ದೋಣಿಯವರೇ ಎತ್ತಿಕೊಂಡರು. ಗಿಡದಿಂದ ಗಿಡಕ್ಕೆ ಜಿಗಿದು ಬದುಕುವ ಹಕ್ಕಿ ಅದು, ಹೆಬ್ಬಾತಿನ ಕಸುವು ಎಲ್ಲಿಂದ ಬರಬೇಕು? ಶಕ್ತಿ ಇರುವವೂ ಬಯಲಿಗೆ ಬರಲು ಹಿಂಜರಿಯುತ್ತವೆ, ಅಮೆಜಾನಿನಲ್ಲಿ ರಸ್ತೆ ದಾಟದ ಹಕ್ಕಿಗಳಿವೆ. ದೊಡ್ಡ ಮಂಗಟ್ಟೆ ಮಾತ್ರ ಬೇರೆ. ಅದು ಟೀ ತೋಟದ ಮೇಲೆ ಹಾರಿ ಹೋಗುತ್ತೆ, ಆದರೆ ಗೂಡಿಗೆ ಪೊಟರೆ ಇರುವ ಹಳೇ ಮರವೇ ಬೇಕು. ಹೆಣ್ಣು ಪೊಟರೆಯ ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಒಳಗೇ ಕೂರುತ್ತೆ, ಗಂಡು ಆಲ, ಅತ್ತಿ ಜಾತಿಯ ಹಣ್ಣು ತಂದು ಉಣಿಸುತ್ತೆ.

ಪ್ರಶ್ನೆ (ಬೀದರಿನವರು): ಹಂಗಾದ್ರೆ ನಡುವೆ ಗಿಡ ಹಚ್ಚಿದರೆ ಮುಗೀತಲ್ಲ? ಚಿಂಚೋಳಿ ಕಾಡಿಗೂ ಇದೇ ಲೆಕ್ಕನಾ?

ಉತ್ತರ: ಮಳೆಕಾಡಿಗೆ ಹೌದು, ಸಹಾಯ ಆಗುತ್ತೆ. ಮನೌಸ್‌ನಲ್ಲಿ ದನ ಮೇಯಿಸೋದು ಬಿಟ್ಟ ಹುಲ್ಲುಗಾವಲಲ್ಲಿ ಕಾಡುಗಿಡ ತಾನೇ ಎದ್ದ ಮೇಲೆ ಹಲವು ಹಕ್ಕಿ ತಿರುಗಿ ಬಂದವು. ಚಿಂಚೋಳಿಯದು ಬೇಸಿಗೆಗೆ ಎಲೆ ಉದುರಿಸುವ ಒಣ ಕಾಡು, ಅಲ್ಲಿಯ ಹಕ್ಕಿಗೆ ಬಿಸಿಲು ಹೊಸದಲ್ಲ, ಆ ಲೆಕ್ಕ ಇಲ್ಲಿಗೆ ಹಾಗೇ ಕೂರಲ್ಲ. ಹುಲ್ಲುಬಯಲಿನಲ್ಲಂತೂ ದಯವಿಟ್ಟು ಸುಮ್ನೆ ಗಿಡ ಹಚ್ಚಬೇಡಿ. ನೆಲದ ಮೇಲೆ ಮೊಟ್ಟೆ ಇಡುವ ಬಯಲು ಹಕ್ಕಿಗೆ ಅದೇ ತೊಂದರೆ.

ಮಾಸ್ತರ, ಆ ಬೆಳಗಿನ ಕೂಗು ಫೋನಿನಲ್ಲಿ ಇದ್ದರೆ ಹಾಕಿ.

ಮಾಸ್ತರು: ಹಾಕಿದ್ದೇನೆ ಸರ್, ಎರಡು ನಿಮಿಷದ್ದು.

ಉತ್ತರ: ಕೇಳಿದೆ. ಪೂರ್ತಿ ಕೆಮ್ಮೀಸೆ ಪಿಕಳಾರ, ಕೊನೆಗೆ ಒಂದು ಗೊರವಂಕ, ಹಿಂದೆ ನಿಮ್ಮ ಗಾಡಿ ಹಾರ್ನ್.