ಎರಡು ಯುಪಿಎಸ್ ಪ್ಯಾರಲಲ್ ಮಾಡಿದರೆ ಲೋಡ್ ಇಲ್ಲದೆಯೂ 5 ಆಂಪ್ ಹರಿಯುತ್ತಿದೆ (ಪ್ರೆಡಿಕ್ಟಿವ್ ಕಂಟ್ರೋಲ್)

ಮಂಡ್ಯ ಹುಡುಗ:
ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್‌ಗೆ 2 ಕೆವಿಎ ಸಿಂಗಲ್ ಫೇಸ್ ಯುಪಿಎಸ್ ಎರಡು ಕಟ್ಟಿದ್ದೇವೆ. ಎಚ್-ಬ್ರಿಡ್ಜ್ (ಡಿಸಿಯನ್ನು ಎಸಿ ಮಾಡುವ ನಾಲ್ಕು ಸ್ವಿಚ್), 400 ವೋಲ್ಟ್ ಡಿಸಿ ಬಸ್, ಎಲ್‌ಸಿ ಫಿಲ್ಟರ್ (ಅಲೆಯನ್ನು ನಯ ಮಾಡುವ ಇಂಡಕ್ಟರ್, ಕೆಪಾಸಿಟರ್). ಕಂಟ್ರೋಲ್ ಪ್ರೆಡಿಕ್ಟಿವ್, ಅಂದರೆ ಪ್ರತಿ 25 ಮೈಕ್ರೋಸೆಕೆಂಡಿಗೊಮ್ಮೆ ಕಂಟ್ರೋಲರ್ ಬ್ರಿಡ್ಜ್ ಕೊಡಬಲ್ಲ +400, 0, −400 ವೋಲ್ಟ್ ಮೂರಕ್ಕೂ ಮುಂದಿನ ಕೆಪಾಸಿಟರ್ ವೋಲ್ಟೇಜ್ ಲೆಕ್ಕ ಹಾಕಿ, ರೆಫರೆನ್ಸ್‌ಗೆ (ನಮಗೆ ಬೇಕಾದ ಸೈನ್ ವೇವ್‌ಗೆ) ಹತ್ತಿರ ಇರೋದನ್ನ ಆರಿಸುತ್ತದೆ. ಒಂದೊಂದೇ ಓಡಿಸಿದರೆ ಸೈನ್ ವೇವ್ ಚೆನ್ನಾಗಿದೆ. ಎರಡನ್ನೂ ಸೇರಿಸಿದ ತಕ್ಷಣ, ಲೋಡ್ ಇಲ್ಲದಿದ್ದರೂ, ಒಂದರಿಂದ ಇನ್ನೊಂದಕ್ಕೆ 5 ಆಂಪ್‌ಗಿಂತ ಜಾಸ್ತಿ ಹರಿಯುತ್ತೆ. ಎರಡರ ಅಲೆಯೂ ಒಟ್ಟಿಗೆ ಏಳುವಂತೆ ಸಿಂಕ್ ವೈರ್ ಇದೆ. ಕಾಸ್ಟ್ ಫಂಕ್ಷನ್‌ನಲ್ಲಿ (ಮೂರರಲ್ಲಿ ಯಾವುದು ಒಳ್ಳೆಯದು ಅಂತ ಅಳೆಯುವ ಸೂತ್ರದಲ್ಲಿ) ವೇಯ್ಟ್ ಬದಲಾಯಿಸಿದರೂ ಅಷ್ಟೇ.

ಹೆಬ್ಬಾಳ ಸರ್ವಿಸ್, ಮೈಸೂರು:
ವೇಯ್ಟ್ ಮುಟ್ಟಬೇಡಿ. ಒಂದೇ ಮಲ್ಟಿಮೀಟರ್‌ನಲ್ಲಿ ಎರಡರ ವೋಲ್ಟೇಜನ್ನೂ ಬೇರೆ ಬೇರೆಯಾಗಿ ಅಳೆದು ಹೇಳಿ. ಕೇಬಲ್ ರೆಸಿಸ್ಟೆನ್ಸ್ ಎಷ್ಟಿದೆ?

ಮಂಡ್ಯ ಹುಡುಗ:
230.4 ಮತ್ತು 229.3. ಕೇಬಲ್ ಒಂದೊಂದು ಕಡೆ ಸುಮಾರು 0.1 ಓಮ್. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಹೀಗಾಗುತ್ತಾ ಸರ್?

ಹೆಬ್ಬಾಳ ಸರ್ವಿಸ್, ಮೈಸೂರು:
ಆಗುತ್ತೆ, ಲೆಕ್ಕ ಹಾಕಿ ನೋಡಿ. 1.1 ವೋಲ್ಟನ್ನು 0.2 ಓಮ್‌ನಿಂದ ಭಾಗಿಸಿದರೆ 5.5 ಆಂಪ್. ನಿಮ್ಮ ಕಂಟ್ರೋಲ್ ಕೆಟ್ಟಿಲ್ಲ, ಬಹಳ ಬಿಗಿಯಾಗಿದೆ. ಪ್ರೆಡಿಕ್ಟಿವ್ ಕಂಟ್ರೋಲ್ ಔಟ್‌ಪುಟ್ ಇಂಪೀಡೆನ್ಸನ್ನು (ಕರೆಂಟ್ ಹರಿದಾಗ ವೋಲ್ಟೇಜ್ ಬೀಳಿಸುವ ಒಳಗಿನ ತಡೆಯನ್ನು) ಹೆಚ್ಚುಕಡಿಮೆ ಸೊನ್ನೆಗೆ ತರುತ್ತೆ. ಒಂಟಿ ಯುಪಿಎಸ್‌ಗೆ ಅದು ವರ. ಪ್ಯಾರಲಲ್‌ನಲ್ಲಿ ಎರಡೂ ತಮ್ಮದೇ ವೋಲ್ಟೇಜ್ ಹಿಡಿದು ಕೂರುತ್ತವೆ, ಒಂದೇ ನೊಗದಲ್ಲಿ ಎರಡು ಎತ್ತು ಬೇರೆ ಬೇರೆ ಕಡೆ ಎಳೆದ ಹಾಗೆ.

ಮೊದಲು ವೋಲ್ಟೇಜ್ ಸೆನ್ಸಿಂಗ್ ಡಿವೈಡರ್ (ಅಳೆಯಲು ವೋಲ್ಟೇಜ್ ಇಳಿಸುವ ರೆಸಿಸ್ಟರ್ ಜೋಡಿ) ನೋಡಿ. ಶೇಕಡಾ 1 ಟಾಲರೆನ್ಸ್ ರೆಸಿಸ್ಟರ್ ಇದ್ದರೆ 2 ವೋಲ್ಟ್ ತಪ್ಪು ಬರೋದು ಮಾಮೂಲು. ಎರಡನ್ನೂ ಒಂದೇ ಮೀಟರ್‌ಗೆ ಕ್ಯಾಲಿಬ್ರೇಟ್ ಮಾಡಿ. ಆದರೆ ಅಷ್ಟಕ್ಕೇ ನಿಲ್ಲಬೇಡಿ, ಬಿಸಿಯಾದ ಮೇಲೆ ಅದು ಮತ್ತೆ ಸರಿಯುತ್ತೆ. ಖಾಯಂ ಪರಿಹಾರ ವರ್ಚುವಲ್ ರೆಸಿಸ್ಟೆನ್ಸ್, ಅಂದರೆ ನಿಜವಾದ ರೆಸಿಸ್ಟರ್ ಇಲ್ಲದೆ ಕೋಡ್‌ನಲ್ಲೇ ಹಾಕುವ ರೆಸಿಸ್ಟೆನ್ಸ್. ರೆಫರೆನ್ಸ್‌ನಿಂದ 0.5 ಓಮ್ ಗುಣಿಸು ಔಟ್‌ಪುಟ್ ಕರೆಂಟ್ ಕಳೆಯಿರಿ. ಇಂಡಕ್ಟರ್ ಕರೆಂಟ್ ಅಲ್ಲ, ಕೆಪಾಸಿಟರ್ ದಾಟಿ ಹೊರಗೆ ಹೋಗೋ ಕರೆಂಟ್. ಇದನ್ನ ತುಂಬಾ ಜನ ಅದಲುಬದಲು ಮಾಡುತ್ತಾರೆ. ಆಗ ಎರಡು ಯುಪಿಎಸ್, ಎರಡು ಕೇಬಲ್ ಸೇರಿ ಲೂಪ್‌ನಲ್ಲಿ 1.2 ಓಮ್ ಆಗುತ್ತೆ, ಅದೇ 1.1 ವೋಲ್ಟ್‌ಗೆ ಕರೆಂಟ್ 1 ಆಂಪ್ ಒಳಗೆ. ಫುಲ್ ಲೋಡ್ 8.7 ಆಂಪ್‌ನಲ್ಲಿ 4.35 ವೋಲ್ಟ್ ಬೀಳುತ್ತೆ, ಶೇಕಡಾ 2ರ ಹತ್ತಿರ. ನನ್ನ ಲೆಕ್ಕದಲ್ಲಿ ಕೊಡಬಹುದಾದ ಬೆಲೆ.

ಕೋಡ್ ಗೆಳೆಯ:
ಒಂದು ಮಾತು. ಈಗ ಅಳೆದಿದ್ದಕ್ಕೆ ಲೆಕ್ಕ ಮುಗಿಯೋದರಲ್ಲಿ ಒಂದು ಸ್ಯಾಂಪಲ್ ಕಳೆದಿರುತ್ತೆ. ಎರಡು ಹೆಜ್ಜೆ ಮುಂದಿನದನ್ನು ಪ್ರೆಡಿಕ್ಟ್ ಮಾಡುತ್ತಿದ್ದೀರಾ?

ಮಂಡ್ಯ ಹುಡುಗ:
ಹೌದು, ಅದು ಮೊದಲಿಂದಲೂ ಇದೆ. ಕ್ಯಾಲಿಬ್ರೇಟ್ ಮಾಡಿ ವರ್ಚುವಲ್ ರೆಸಿಸ್ಟೆನ್ಸ್ ಹಾಕಿದೆವು. ಎಸಿ ಕರೆಂಟ್ 0.3ಕ್ಕೆ ಇಳಿದಿದೆ, ಲೋಡ್ ಕೊಟ್ಟರೆ ಸಮ ಹಂಚಿಕೊಳ್ಳುತ್ತವೆ! ತುಂಬಾ ಥ್ಯಾಂಕ್ಸ್ ಸರ್. ಕ್ಲ್ಯಾಂಪ್ ಮೀಟರನ್ನು ಡಿಸಿಗೆ ಹಾಕಿದರೆ ಮಾತ್ರ 0.6 ಆಂಪ್ ತೋರಿಸುತ್ತೆ. ರೆಸಿಸ್ಟೆನ್ಸ್ ಬದಲು ವರ್ಚುವಲ್ ಇಂಡಕ್ಟೆನ್ಸ್ ಹಾಕಲಾ?

ಹೆಬ್ಬಾಳ ಸರ್ವಿಸ್, ಮೈಸೂರು:
ಬೇಡ, ಇಂಡಕ್ಟೆನ್ಸ್ ಡಿಸಿಯನ್ನು ತಡೆಯೋದೇ ಇಲ್ಲ. ಅದೇ 1.2 ಓಮ್‌ನಲ್ಲಿ 0.6 ಆಂಪ್ ಅಂದರೆ ಎರಡರ ನಡುವೆ ಸುಮಾರು 0.7 ವೋಲ್ಟ್ ಡಿಸಿ ಇದೆ, ಸೆನ್ಸರ್ ಆಫ್‌ಸೆಟ್ (ಸೊನ್ನೆ ಇದ್ದಾಗಲೂ ತೋರಿಸುವ ತಪ್ಪು) ಇರಬೇಕು. ಬ್ರಿಡ್ಜ್ ಆನ್ ಆಗುವ ಮೊದಲು, ಔಟ್‌ಪುಟ್ ಸೊನ್ನೆ ಇರುವಾಗ, ಎಡಿಸಿ (ಸೆನ್ಸರ್ ಸಿಗ್ನಲನ್ನು ಅಂಕಿಗೆ ತಿರುಗಿಸುವ ಭಾಗ) ರೀಡಿಂಗ್‌ಗಳ ಸರಾಸರಿ ತೆಗೆದುಕೊಂಡು ಅದನ್ನೇ ಝೀರೋ ಅಂತ ಕಳೆಯಿರಿ. ವೋಲ್ಟೇಜ್, ಕರೆಂಟ್ ಎರಡಕ್ಕೂ. ಆಮೇಲೆ ಅರ್ಧ ಗಂಟೆ ಲೋಡ್ ಮೇಲೆ ಓಡಿಸಿ, ಬೋರ್ಡ್ ಬಿಸಿಯಾದಾಗ ಮತ್ತೆ ಡಿಸಿ ಅಳೆದು ಇಲ್ಲೇ ಹಾಕಿ.