ಇಂಕ್‌ಜೆಟ್ ಪ್ರಿಂಟರ್: ಮುಖಗಳು ಹಸಿರು, ಆಕಾಶದಲ್ಲಿ ಅಡ್ಡಗೆರೆ

ಪ್ರಶ್ನೆ
ಕೆಲವು ತಿಂಗಳು ಬಳಸದೆ ಇಟ್ಟಿದ್ದ ಆರು ಬಣ್ಣದ ಫೋಟೋ ಪ್ರಿಂಟರ್ ಅನ್ನು ಮತ್ತೆ ಬಳಸಲು ಹೊರಟಿದ್ದೇನೆ. ಮುಖಗಳಿಗೆಲ್ಲ ಹಸಿರು ಛಾಯೆ, ಆಕಾಶದಲ್ಲಿ ಬಿಳಿಯ ಅಡ್ಡಗೆರೆಗಳು. ಹೆಡ್ (ಇಂಕ್ ಚಿಮ್ಮಿಸುವ ಭಾಗ) ಕ್ಲೀನಿಂಗ್ ಮಾಡಿಸಿದಷ್ಟೂ ಇಂಕ್ ಇಳಿಯುತ್ತಿದೆಯೇ ಹೊರತು ಚಿತ್ರ ಸುಧಾರಿಸುತ್ತಿಲ್ಲ. ಕಾರ್ಟ್ರಿಜ್‌ಗಳು ಅರ್ಧಕ್ಕಿಂತ ಹೆಚ್ಚು ತುಂಬಿವೆ. ಹೊಸದನ್ನು ಕೊಳ್ಳಬೇಕೇ?

ಉತ್ತರ
ಈಗಲೇ ಕೊಳ್ಳಬೇಡಿ. ಮೊದಲು ಕ್ಲೀನಿಂಗ್ ನಿಲ್ಲಿಸಿ. ಪ್ರತಿ ಸಲವೂ ಅದು ಸರಿಯಿರುವ, ಇಂಕ್ ಹೊರಬರುವ ಸೂಕ್ಷ್ಮ ರಂಧ್ರಗಳಾದ ನಾಜಲ್‌ಗಳಿಂದಲೂ ಇಂಕ್ ಹೀರಿ, ಒಳಗಿನ ತ್ಯಾಜ್ಯ ಪ್ಯಾಡ್‌ಗೆ ಸುರಿಯುತ್ತದೆ. ಆ ಪ್ಯಾಡ್ ತುಂಬಿತೆಂದು ಯಂತ್ರದ ಲೆಕ್ಕ ಹೇಳಿದ ದಿನ ಅನೇಕ ಮಾದರಿಗಳು ಮುದ್ರಣವನ್ನೇ ನಿಲ್ಲಿಸಿಬಿಡುತ್ತವೆ.

ಸಾಮಾನ್ಯ ಕಾಗದದ ಮೇಲೆ ನಾಜಲ್ ಚೆಕ್ (ಪ್ರತಿ ಬಣ್ಣದ ಗೆರೆಗಳಿರುವ ಪರೀಕ್ಷಾ ಹಾಳೆ) ಮುದ್ರಿಸಿ. ಫೋಟೋ ನೋಡಿ ರೋಗ ಹೇಳುವುದಕ್ಕಿಂತ ಆ ಗೆರೆಗಳನ್ನು ನೋಡಿ ಹೇಳುವುದು ಸುಲಭ. ಮಜೆಂಟಾ (ನೇರಳೆಗೆಂಪು) ಕೈಕೊಟ್ಟರೆ ಚಿತ್ರ ಹಸಿರಾಗುತ್ತದೆ, ಸಯಾನ್ (ಹಸಿರು ಬೆರೆತ ನೀಲಿ) ಹೋದರೆ ಕೆಂಪಾಗುತ್ತದೆ, ಹಳದಿ ಹೋದರೆ ನೀಲಿಗೆ ವಾಲುತ್ತದೆ. ಆರು ಬಣ್ಣದ ಯಂತ್ರದಲ್ಲಿ ಚರ್ಮದ ತಿಳಿ ಛಾಯೆಗೆ ಬಹುಪಾಲು ತಿಳಿ ಮಜೆಂಟಾ ಬೇಕು. ಹಾಗಾಗಿ ಗಾಢ ಕೆಂಪು ಬಟ್ಟೆ ಸರಿಯಾಗಿ ಬಂದು ಮುಖ ಮಾತ್ರ ಹಸಿರಾಗಿದ್ದರೆ ನನ್ನ ಅನುಮಾನ ಅದರ ಮೇಲೆಯೇ.

ಒಂದು ಕ್ಲೀನಿಂಗ್, ಮತ್ತೊಂದು ನಾಜಲ್ ಚೆಕ್; ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗೆರೆ ತುಂಡಾದ ಜಾಗ ಎರಡರಲ್ಲೂ ಒಂದೇ ಆಗಿದ್ದರೆ ಅಲ್ಲಿ ಇಂಕ್ ಒಣಗಿ ಕಟ್ಟಿಕೊಂಡಿದೆ. ಜಾಗ ಬದಲಾಗುತ್ತಿದ್ದರೆ ಒಳಗೆ ಗಾಳಿ ಸೇರಿದೆ. ಅದಕ್ಕೆ ಮದ್ದು ಕ್ಲೀನಿಂಗ್ ಅಲ್ಲ, ವಿಶ್ರಾಂತಿ. ರಾತ್ರಿಯಿಡೀ ಸುಮ್ಮನೆ ಬಿಟ್ಟು ಬೆಳಿಗ್ಗೆ ಪರೀಕ್ಷಿಸಿ. ಕಟ್ಟಿಕೊಂಡಿದ್ದರೂ ಹೀಗೆ ಕಾಯುವುದು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಹೊಸ ಇಂಕ್ ಹಳೆಯದನ್ನು ನೆನೆಸಿ ಕರಗಿಸಲು ಸಮಯ ಬೇಕು.

ಇನ್ನೊಬ್ಬರ ಉತ್ತರ
ಸೂಜಿ, ಪಿನ್ನು ಯಾವುದನ್ನೂ ಹೆಡ್ ಹತ್ತಿರ ಒಯ್ಯಬೇಡಿ. ಒಂದೊಂದು ನಾಜಲ್ ಕೂದಲೆಳೆಗಿಂತ ಸಣ್ಣದು. ಹೆಡ್ ಕಾರ್ಟ್ರಿಜ್‌ನಲ್ಲೇ ಇರುವ ಮಾದರಿಯಾಗಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿದ, ನಾರು ಬಿಡದ ಬಟ್ಟೆಯ ಮೇಲೆ ಮೆಲ್ಲಗೆ ಒತ್ತಬಹುದು. ಅದಕ್ಕೂ ಬಗ್ಗದಿದ್ದರೆ ಹೊಸ ಕಾರ್ಟ್ರಿಜ್ ಹಾಕಿದರೆ ಹೆಡ್ಡೂ ಹೊಸದಾಗುತ್ತದೆ. ಹೆಡ್ ಯಂತ್ರದಲ್ಲೇ ಇರುವ ಮಾದರಿಯಾಗಿದ್ದರೆ ಕಾರ್ಟ್ರಿಜ್ ಬದಲಿಸಿದರೂ ಕಟ್ಟಿದ್ದು ಕಟ್ಟಿಯೇ ಇರುತ್ತದೆ.

ಪ್ರಶ್ನೆ ಕೇಳಿದವರು
ತಿಳಿ ಮಜೆಂಟಾ ಅರ್ಧ ಮಾಯವಾಗಿತ್ತು. ರಾತ್ರಿ ಬಿಟ್ಟು ಬೆಳಿಗ್ಗೆ ಕ್ಲೀನಿಂಗ್ ಮಾಡಿದ ಮೇಲೆ ಗೆರೆಗಳೆಲ್ಲ ಪೂರ್ಣ. ಹಸಿರು ಹೋಯಿತು. ಆದರೆ ಈಗ ಮುಖಗಳು ಕೆಂಪಗೆ, ಒಟ್ಟು ಚಿತ್ರ ಪರದೆಯಲ್ಲಿರುವುದಕ್ಕಿಂತ ಕಪ್ಪಗೆ. ಆಕಾಶದಲ್ಲಿ ಸಣ್ಣ ಗೆರೆ ಇನ್ನೂ ಇದೆ.

ಉತ್ತರ
ಇಂಕ್ ಬಿಡಿ, ಇನ್ನು ತಂತ್ರಾಂಶದ ಕಡೆ ನೋಡಿ. ಫೋಟೋ ತಂತ್ರಾಂಶವೂ ಪ್ರಿಂಟರ್ ಡ್ರೈವರ್ (ಕಂಪ್ಯೂಟರಿನಿಂದ ಪ್ರಿಂಟರ್ ನಡೆಸುವ ತಂತ್ರಾಂಶ) ಕೂಡ ಬಣ್ಣ ತಿದ್ದುತ್ತಿರಬೇಕು. ಇಬ್ಬರು ಅಡುಗೆಯವರು ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಉಪ್ಪು ಹಾಕಿದ ಹಾಗೆ. ತಂತ್ರಾಂಶದಲ್ಲಿ ಕಾಗದದ ಐಸಿಸಿ ಪ್ರೊಫೈಲ್ (ಆ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆಂಬ ವಿವರದ ಕಡತ) ಆರಿಸಿದ್ದರೆ ಡ್ರೈವರ್‌ನ ಬಣ್ಣ ನಿರ್ವಹಣೆಯನ್ನು ಆಫ್ ಮಾಡಿ. ಪ್ರೊಫೈಲ್ ಇಲ್ಲದಿದ್ದರೆ ಎಲ್ಲವನ್ನೂ ಡ್ರೈವರ್‌ಗೇ ಬಿಡಿ.

ಕಪ್ಪಗೆ ಬರುವುದಕ್ಕೆ ಹೆಚ್ಚಿನ ಸಲ ಪ್ರಿಂಟರ್ ಕಾರಣವಲ್ಲ, ಪರದೆ ಅತಿಯಾಗಿ ಬೆಳಗುತ್ತಿರುತ್ತದೆ. ಅದನ್ನು ತಗ್ಗಿಸಿ ಚಿತ್ರ ತಿದ್ದಿ.

ಉಳಿದ ಗೆರೆಗೆ, ಇಂಕ್ ಸರಿಯಾದ ಜಾಗಕ್ಕೆ ಬೀಳುವಂತೆ ಹೊಂದಿಸುವ ಹೆಡ್ ಅಲೈನ್‌ಮೆಂಟ್ ಮಾಡಿ. ಡ್ರೈವರ್‌ನಲ್ಲಿ ಹೈ ಸ್ಪೀಡ್ ಅಥವಾ ಬೈಡೈರೆಕ್ಷನಲ್ ಎಂಬ ಆಯ್ಕೆ ಇದ್ದರೆ ತೆಗೆದುಹಾಕಿ. ಮುದ್ರಣ ನಿಧಾನವಾಗುತ್ತದೆ, ಆದರೆ ಹೆಡ್ ಒಂದೇ ದಿಕ್ಕಿನಲ್ಲಿ ಇಂಕ್ ಚಿಮ್ಮಿಸುತ್ತದೆ. ಕಾಗದದ ಬಗೆ ‘ಪ್ಲೇನ್’ ಎಂದು ಉಳಿದಿದೆಯೇ? ಗ್ಲಾಸಿ ಹಾಳೆ ಹಾಕಿ ಹಾಗೆ ಬಿಟ್ಟರೆ ಇಂಕ್‌ನ ಪ್ರಮಾಣವೇ ತಪ್ಪುತ್ತದೆ.

ಪ್ರಶ್ನೆ ಕೇಳಿದವರು
‘ಪ್ಲೇನ್’ ಎಂದೇ ಇತ್ತು! ಗ್ಲಾಸಿ ಎಂದು ಬದಲಿಸಿ, ಡ್ರೈವರ್‌ನ ಬಣ್ಣ ನಿರ್ವಹಣೆ ಆಫ್ ಮಾಡಿದೆ. ಮುಖದ ಬಣ್ಣ ಈಗ ಸರಿಯಾಗಿದೆ. ಅಲೈನ್‌ಮೆಂಟ್ ಆದ ಮೇಲೆ ಗೆರೆಯೂ ಇಲ್ಲ. ಮತ್ತೆ ಕಟ್ಟಿಕೊಳ್ಳದಂತೆ ಏನು ಮಾಡಬೇಕು?

ಉತ್ತರ
ವಾರಕ್ಕೊಮ್ಮೆ ಎಲ್ಲ ಬಣ್ಣಗಳಿರುವ ಒಂದು ಸಣ್ಣ ಚಿತ್ರ ಮುದ್ರಿಸಿ. ಆಫ್ ಮಾಡುವಾಗ ಗೋಡೆಯ ಸ್ವಿಚ್ ಬಳಸದೆ ಪ್ರಿಂಟರ್‌ನದೇ ಗುಂಡಿ ಒತ್ತಿ. ಆಗ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಳದಡಿ ಕೂರುತ್ತದೆ. ತಟ್ಟನೆ ವಿದ್ಯುತ್ ಕಡಿದರೆ ತೆರೆದೇ ಉಳಿದು ಒಣಗಬಹುದು.